ಬ್ಯಾಟರಿ ಗಾಡಿ ಘಾಟಿ ಹತ್ತುತ್ತಾ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಎಲೆಕ್ಟ್ರಿಕ್ ಸ್ಕೂಟರ್ ಬಗ್ಗೆನೇ ಇವೆ. ಒಂದೇ ತರದವನ್ನ ಸೇರಿಸಿ ಉತ್ತರ ಕೊಟ್ಟಿದೀನಿ.

ಪ್ರಶ್ನೆ: ನಮ್ಮನೆ ಆಗುಂಬೆ ಹತ್ರ. ದಿನಾ ತೀರ್ಥಹಳ್ಳಿಗೆ ಕೆಲಸಕ್ಕೆ ಹೋಗಿ ಬರ್ಬೇಕು, ಆಗೀಗ ಹೆಂಡತಿ ತವರಿಗೆ ಹೆಬ್ರಿಗೂ ಇಳೀಬೇಕು. 3 ಕಿಲೋವಾಟ್ ಅವರ್ ಬ್ಯಾಟರಿದು ತಗೊಂಡ್ರೆ ಘಾಟೀಲಿ ಕೈ ಕೊಡುತ್ತಾ ಸಾರ್?

ಉತ್ತರ: ಹತ್ತೋದು ಹತ್ತುತ್ತೆ ಮಾರಾಯ್ರೆ, ಅದರ ಬಗ್ಗೆ ಅನುಮಾನ ಬೇಡ. ಘಾಟಿ ಬುಡದ ಸೋಮೇಶ್ವರದಿಂದ ಆಗುಂಬೆಗೆ ಸುಮಾರು 500 ಮೀಟರ್ ಏರು, ಇಬ್ಬರು ಕೂತ್ರೆ ಗಾಡಿ ಸೇರಿ ಇನ್ನೂರೈವತ್ತು ಕೆಜಿ ಅಂತಿಟ್ಕೊಳ್ಳಿ, ಅಷ್ಟು ಭಾರ ಮೇಲೆ ಎತ್ತೋಕೆ ಮೋಟಾರ್ ನಷ್ಟನೂ ಸೇರಿಸಿದ್ರೆ ಹೆಚ್ಚು ಕಡಿಮೆ ಅರ್ಧ ಯೂನಿಟ್ ಹೋಗುತ್ತೆ. ಒಂದು ಕಿಲೋವಾಟ್ ಅವರ್ ಅಂದ್ರೆ ಒಂದು ಯೂನಿಟ್, ಹಾಗಾಗಿ ನಿಮ್ಮ ಬ್ಯಾಟರಿಯ ಆರನೇ ಒಂದು ಪಾಲು ಬರೀ ಏರಿಗೇ, ರೋಡಲ್ಲಿ ಓಡಿದ್ದರ ಲೆಕ್ಕ ಬೇರೆ. ಅದಕ್ಕೇ ಹೆಬ್ರಿಲಿ ಮಾವನ ಮನೇಲಿ ಊಟ ಮಾಡೋ ಹೊತ್ತಿಗೆ ಗಾಡಿನೂ ಚಾರ್ಜಿಗೆ ಹಾಕ್ಬಿಡಿ, ಇಪ್ಪತ್ತು ಪರ್ಸೆಂಟ್ ಇಟ್ಕೊಂಡು ಘಾಟಿ ಹತ್ತೋ ಸಾಹಸ ಬೇಡ. ಹದಿನಾಲ್ಕು ತಿರುವಿನಲ್ಲೂ ಫುಲ್ ಎಕ್ಸಲರೇಟರ್ ಕೊಟ್ರೆ ಮೋಟಾರ್ ಬಿಸಿಯಾಗಿ ಗಾಡಿ ತಾನಾಗೇ ಪವರ್ ಇಳಿಸುತ್ತೆ, ಆಗ ಗಾಬರಿ ಆಗ್ಬೇಡಿ, ಪಕ್ಕಕ್ಕೆ ಹಾಕಿ ಸ್ವಲ್ಪ ಹೊತ್ತು ಬಿಟ್ರೆ ಸರಿಹೋಗುತ್ತೆ.

ಇಳಿಯೋದ್ರ ಬಗ್ಗೆ ಯಾರೂ ಕೇಳಲ್ಲ, ನಂಗೆ ಅದೇ ಜಾಸ್ತಿ ಚಿಂತೆ. ಎಕ್ಸಲರೇಟರ್ ಬಿಟ್ಟಾಗ ಮೋಟಾರೇ ಗಾಡೀನ ಹಿಡಿದು ಬ್ಯಾಟರಿಗೆ ಒಂಚೂರು ಚಾರ್ಜ್ ವಾಪಸ್ ಕೊಡುತ್ತಲ್ಲ, ರೀಜೆನ್ ಅಂತಾರೆ, ಅದು ಬ್ಯಾಟರಿ ತುಂಬಿದ್ರೆ ಸರಿಯಾಗಿ ಕೆಲಸ ಮಾಡಲ್ಲ, ಚಾರ್ಜ್ ಹೋಗೋಕೆ ಜಾಗನೇ ಇರಲ್ಲ. ನಿಮ್ಮನೆ ಇರೋದೇ ಘಾಟಿ ತಲೇಲಿ. ರಾತ್ರಿಯೆಲ್ಲ ನೂರಕ್ಕೆ ನೂರು ಮಾಡ್ಕೊಂಡು ಬೆಳಿಗ್ಗೆ ಸೀದಾ ಇಳಿದ್ರೆ ಇಡೀ ಘಾಟಿ ಬರೀ ಬ್ರೇಕ್ ಮೇಲೆ, ಅದೂ ಮಂಜಲ್ಲಿ, ಒದ್ದೆ ರೋಡಲ್ಲಿ. ಹೆಬ್ರಿಗೆ ಹೋಗೋ ದಿನ 85 ಪರ್ಸೆಂಟಿಗೇ ಪ್ಲಗ್ ಕೀಳಿ. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರೋ ಮಾಡೆಲ್ಲೇ ತಗೊಳ್ಳಿ, ಬೆಲೆ ಕಮ್ಮಿ ಅಂತ ಡ್ರಮ್ ಬ್ರೇಕಿಂದಕ್ಕೆ ಹೋಗ್ಬೇಡಿ.

ದಿನದ ತೀರ್ಥಹಳ್ಳಿ ಓಡಾಟ ಅರವತ್ತು ಕಿಲೋಮೀಟರ್ ಮೇಲಾಗುತ್ತೆ, ಕಮ್ಮಿ ಕರೆಂಟ್ ತಿನ್ನೋ ಇಕೋ ಮೋಡಲ್ಲಿ ಆರಾಮಾಗಿ ಬರುತ್ತೆ. ಶೋರೂಮ್ ಬೋರ್ಡ್ ಮೇಲಿರೋ ರೇಂಜಲ್ಲಿ ಕಾಲು ಭಾಗ ಕಳೆದೇ ಲೆಕ್ಕ ಹಾಕಿ, ಅದು ಟೆಸ್ಟಿಂಗಲ್ಲಿ ಬಂದ ಅಂಕಿ.

ಪ್ರಶ್ನೆ: ಹೊಸನಗರ ತಾಲ್ಲೂಕು, ಮಳೆಗಾಲ ಅಂದ್ರೆ ಗೊತ್ತಲ್ಲ. ಮರ ಬಿದ್ದು ಲೈನ್ ಹೋದ್ರೆ ಎರಡು ಮೂರು ದಿನ ಕರೆಂಟೇ ಇರಲ್ಲ. ಯುಪಿಎಸ್ ಇದೆ, ಅದ್ರಲ್ಲಿ ಚಾರ್ಜ್ ಮಾಡ್ಬಹುದಾ? ಜಗಲೀಲಿ ನಿಲ್ಸಿ ಚಾರ್ಜ್ ಹಾಕಿದ್ರೆ ಬೆಂಕಿ ಗಿಂಕಿ ಭಯ ಇದ್ಯಾ?

ಉತ್ತರ: ಯುಪಿಎಸ್ ಆಸೆ ಬಿಡಿ. 12 ವೋಲ್ಟಿನ 150 ಎಎಚ್ (ಆಂಪಿಯರ್ ಅವರ್) ಬ್ಯಾಟರೀಲಿ ತುಂಬಿದ್ರೂ ಇರೋದೇ 1.8 ಯೂನಿಟ್, ನಿಮ್ಮ ಸ್ಕೂಟರ್ ಬ್ಯಾಟರಿ ಅದಕ್ಕಿಂತ ದೊಡ್ಡದು. ಕೆರೆ ನೀರಿಗೆ ಕೊಡದ ನೀರು ಸುರಿದ ಹಾಗೆ, ಮನೆ ಲೈಟೂ ಹೋಗುತ್ತೆ ಗಾಡಿನೂ ತುಂಬಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಾ ಸಂಜೆ ಬಂದ ತಕ್ಷಣ ಚಾರ್ಜಿಗೆ ಹಾಕೋ ಅಭ್ಯಾಸ ಮಾಡ್ಕೊಳ್ಳಿ, ಬೆಳಿಗ್ಗೆ ಹಾಕಿದ್ರಾಯ್ತು ಅಂತ ಬಿಟ್ರೆ ಕೆಟ್ರಿ. ಹಳೇ ಪೆಟ್ರೋಲ್ ಬೈಕ್ ಇದ್ರೆ ಎಕ್ಸ್‌ಚೇಂಜಿಗೆ ಕೊಡ್ಬೇಡಿ. ನಿಮ್ಮಂಥ ಊರಲ್ಲಿ ಮನೇಲಿರೋದು ಒಂದೇ ಗಾಡಿ ಅಂದ್ರೆ ಅದು ಇವಿ, ಅಂದ್ರೆ ಎಲೆಕ್ಟ್ರಿಕ್ ಗಾಡಿ, ಆಗ್ಬಾರ್ದು ಅಂತಲೇ ನನ್ನ ಅಭಿಪ್ರಾಯ, ಎರಡನೇದಾಗಿ ಇರ್ಲಿ, ಧಾರಾಳವಾಗಿ ತಗೊಳ್ಳಿ.

ಬ್ಯಾಟರಿ ಮೇಲೆ ಐಪಿ67 ಅಂತ ಬರ್ದಿರ್ತಾರೆ, ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಇಟ್ರೂ ಒಳಗೆ ನೀರು ಹೋಗಲ್ಲ ಅಂತ ಅರ್ಥ. ಅದು ಲ್ಯಾಬಿನ ನಿಂತ ನೀರಿನ ಮಾತು, ಸೇತುವೆ ಮೇಲೆ ಹರಿಯೋ ಕೆಂಪು ನೀರಿಗೆ ಅನ್ವಯ ಮಾಡ್ಕೋಬೇಡಿ. ವಾಟರ್ ಸರ್ವಿಸಲ್ಲಿ ಪ್ರೆಶರ್ ಪೈಪ್ ಹಿಡಿಯೋಕೂ ಬಿಡ್ಬೇಡಿ, ಮನೇಲೇ ಬಕೆಟ್ ನೀರು ಸಾಕು.

ಬೆಂಕಿ ವಿಷ್ಯ: 2022ರಲ್ಲಿ ಅಲ್ಲಲ್ಲಿ ಗಾಡಿಗಳು ಹೊತ್ಕೊಂಡಾದ್ಮೇಲೆ ಬ್ಯಾಟರಿ ಟೆಸ್ಟಿಂಗ್ ನಿಯಮ ಬಿಗಿ ಮಾಡಿದಾರೆ, ಈಗಿನವು ಎಷ್ಟೋ ವಾಸಿ. ಆದ್ರೂ ಒಣ ಅಡಿಕೆ ಮೂಟೆ, ಸೌದೆ ಪಕ್ಕ ನಿಲ್ಸಿ ರಾತ್ರಿ ಚಾರ್ಜ್ ಹಾಕೋದು ಬೇಡ. ಪವರ್ ಪ್ಲಗ್ಗಿಗೆ ಬೇರೇನೇ ವೈರ್ ಎಳೆಸಿ, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಅರ್ಥಿಂಗ್ ಮಾತ್ರ ಎಲೆಕ್ಟ್ರಿಷಿಯನ್ ಕರೆಸಿ ಚೆಕ್ ಮಾಡಿಸಿ, ನಮ್ಮ ಹಳೇ ಹೆಂಚಿನ ಮನೆಗಳಲ್ಲಿ ಮೂರನೇ ತೂತಿಗೆ ವೈರೇ ಇರಲ್ಲ ಎಷ್ಟೋ ಕಡೆ! ಗುಡುಗು ಶುರುವಾದ್ರೆ ಟಿವಿ ಪ್ಲಗ್ ಜೊತೆ ಚಾರ್ಜರ್ ಪ್ಲಗ್ಗನ್ನೂ ಕಿತ್ತಿಡಿ.

ಪ್ರಶ್ನೆ: ಶಿವಮೊಗ್ಗದಲ್ಲಿದೀವಿ, ಗೃಹಜ್ಯೋತಿ ಬರ್ತಿದೆ. ಸ್ಕೂಟರ್ ಚಾರ್ಜ್ ಮಾಡಿದ್ರೆ ಫ್ರೀ ಕರೆಂಟ್ ಹೋಗ್ಬಿಡುತ್ತೆ ಅಂತ ನಮ್ಮೆಜಮಾನ್ರು ಹೆದರಿಸ್ತಿದಾರೆ.

ಉತ್ತರ: ಅವರು ಹೇಳೋದ್ರಲ್ಲಿ ಅರ್ಧ ನಿಜ ಮೇಡಂ. ದಿನಕ್ಕೆ 40 ಕಿಲೋಮೀಟರ್ ಓಡಿಸಿದ್ರೆ ಒಂದೂವರೆ ಯೂನಿಟ್, ತಿಂಗಳಿಗೆ 45 ಯೂನಿಟ್. ನಿಮ್ಮನೆಗೆ ನಿಗದಿ ಮಾಡಿರೋ ಯೂನಿಟ್ ದಾಟಿದ್ರೆ ದಾಟಿದ್ದಕ್ಕೆ ದುಡ್ಡು, 200 ದಾಟಿದ್ರೆ ಪೂರ್ತಿ ಬಿಲ್. ಈಗ್ಲೇ 160, 170 ಬರ್ತಿದ್ರೆ ಯೋಚ್ನೆ ಮಾಡಿ. ಆದ್ರೆ ಅಷ್ಟೇ ದೂರಕ್ಕೆ ಪೆಟ್ರೋಲ್ ಸ್ಕೂಟರಿಗೆ ದಿನಕ್ಕೆ ತೊಂಬತ್ತು ರೂಪಾಯಿ ಹತ್ರ ಬೇಕು, ಕರೆಂಟಿಗೆ ಯೂನಿಟ್‌ಗೆ ಆರು ರೂಪಾಯಿ ಹಿಡಿದ್ರೂ ಹತ್ತು ದಾಟಲ್ಲ. ಯಜಮಾನ್ರಿಗೆ ಈ ಲೆಕ್ಕ ತೋರ್ಸಿ. ಬರೀ ಮಾರ್ಕೆಟ್ಟಿಗೆ, ಮಕ್ಕಳನ್ನ ಸ್ಕೂಲಿಗೆ ಬಿಡೋಕೆ ಅಂದ್ರೆ ಮಾತ್ರ ಉಳಿತಾಯದಿಂದ ಗಾಡಿ ದುಡ್ಡು ವಾಪಸ್ ಬರೋಕೆ ತುಂಬಾ ವರ್ಷ ಬೇಕು.

ಪ್ರಶ್ನೆ: ಲೈಸೆನ್ಸ್ ಬೇಡದ ಗಾಡಿ ಮಗನಿಗೆ ಕೊಡಿಸ್ಬಹುದಾ? ಸಾಗರ.

ಉತ್ತರ: ಮೋಟಾರ್ 250 ವಾಟ್ ಒಳಗೆ, ಸ್ಪೀಡ್ 25 ಒಳಗೆ ಇದ್ರೆ ಲೈಸೆನ್ಸ್, ರಿಜಿಸ್ಟ್ರೇಷನ್ ಎರಡೂ ಬೇಡ. ಆದ್ರೆ ಸಾಗರದ ಸುತ್ತಮುತ್ತಲ ಏರಲ್ಲಿ ಅದು ಏದುಸಿರು ಬಿಡುತ್ತೆ, ಪೆಡಲ್ ಇರೋ ಸೈಕಲ್ಲೇ ಆದ್ರೆ ವಾಸಿ, ಹುಡುಗ ತುಳೀಲಿ. "ಸ್ಪೀಡ್ ಲಾಕ್ ತೆಗೆದುಕೊಡ್ತೀವಿ" ಅಂತ ಅಂಗಡಿಯವರು ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ, ಲಾಕ್ ತೆಗೆದ ಮೇಲೆ ಅದು ನಂಬರ್ ಪ್ಲೇಟಿಲ್ಲದ, ಇನ್ಶೂರೆನ್ಸ್ ಇಲ್ಲದ ಮೋಟಾರ್ ಗಾಡಿ, ಆಕ್ಸಿಡೆಂಟ್ ಆದ್ರೆ ಕೇಸು ನಿಮ್ಮ ತಲೆ ಮೇಲೆ. ಕಾನೂನು ಏನೇ ಹೇಳ್ಲಿ, ಹೆಲ್ಮೆಟ್ ಹಾಕ್ಸಿ.