ಕಾರ್ಖಾನೆ ನಿಂತರೆ ಗಾಳಿ ತಿಳಿಯಾಗುತ್ತದೆಯೇ?

ರಾಯಚೂರಿನ ಓದುಗರೊಬ್ಬರ ಪ್ರಶ್ನೆ: “1989ರ ನಂತರ ಪೂರ್ವ ಯುರೋಪಿನಲ್ಲಿ ಕಾರ್ಖಾನೆಗಳು ಮುಚ್ಚಿದವು, ಗಾಳಿ ಶುದ್ಧವಾಯಿತು. ಹಾಗಾದರೆ ಉತ್ಪಾದನೆ ಹೆಚ್ಚಿದಷ್ಟೂ ಮಾಲಿನ್ಯ ಹೆಚ್ಚಲೇಬೇಕಲ್ಲವೇ?”

ಸಂಪಾದಕರ ಉತ್ತರ: ನಿಮ್ಮ ಮಾತು ಮೊದಲ ಮೂರ್ನಾಲ್ಕು ವರ್ಷಗಳಿಗೆ ಮಾತ್ರ ಸರಿ. ಜೆಕ್ ದೇಶದ ಉತ್ತರ ಬೊಹೀಮಿಯಾವನ್ನೇ ನೋಡಿ. ಬೆಟ್ಟಸಾಲಿನ ತಪ್ಪಲಿನ ಬೋಗುಣಿಯಂಥ ನೆಲ. ಚಳಿಗಾಲದಲ್ಲಿ ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂತು ಹೊಗೆಯನ್ನು ಕೆಳಗೇ ಹಿಡಿದಿಡುತ್ತದೆ. ಅಲ್ಲಿ ಉರಿಯುತ್ತಿದ್ದದ್ದು ಕಂದು ಕಲ್ಲಿದ್ದಲು. ಅದರಲ್ಲಿ ಶೇ 2ರಷ್ಟು ಗಂಧಕವಿದ್ದರೆ ಒಂದು ಟನ್ ಉರಿದಾಗ ಸುಮಾರು 40 ಕೆ.ಜಿ. ಸಲ್ಫರ್ ಡೈಆಕ್ಸೈಡ್ ಎಂಬ ಘಾಟು ಅನಿಲ ಹೊರಬರುತ್ತದೆ. 1989ರ ನವೆಂಬರ್‌ನಲ್ಲಿ, ಕಮ್ಯುನಿಸ್ಟ್ ಆಡಳಿತವನ್ನು ಉರುಳಿಸಿದ ಪ್ರಾಗ್‌ನ ಕ್ರಾಂತಿಗೂ ಕೆಲವೇ ದಿನ ಮೊದಲು, ಅಲ್ಲಿನ ಟೆಪ್ಲಿಟ್ಸೆ ಪಟ್ಟಣದ ಜನ ಉಸಿರಾಡುವ ಗಾಳಿಗಾಗಿಯೇ ಬೀದಿಗಿಳಿದಿದ್ದರು.

1990ರಲ್ಲಿ ದೇಶ ಉಗುಳುತ್ತಿದ್ದ ಸಲ್ಫರ್ ಡೈಆಕ್ಸೈಡ್ 18 ಲಕ್ಷ ಟನ್ ಆಸುಪಾಸು. ಉತ್ಪಾದನೆ ಕುಸಿದಾಗ ಅದೂ ಇಳಿಯಿತು, ನಿಜ. ಆದರೆ 1994ರಿಂದ ಆರ್ಥಿಕತೆ ಚೇತರಿಸಿಕೊಂಡಾಗ ಹೊಗೆ ಮತ್ತೆ ಏರಲಿಲ್ಲ. 1996ರಿಂದ 1999ರೊಳಗೆ ಅರ್ಧಕ್ಕಿಂತಲೂ ಕೆಳಗಿಳಿದು, 3 ಲಕ್ಷ ಟನ್ನಿನೊಳಗೆ ಬಂತು. ಕಾರಣ, 1991ರ ಕಾನೂನು ಹಾಕಿದ ಗಡುವು: 1998ರ ಕೊನೆಯೊಳಗೆ ಮಿತಿ ಪಾಲಿಸಿ, ಇಲ್ಲವೇ ಬಾಗಿಲು ಮುಚ್ಚಿ.

ವಿದ್ಯುತ್ ಸ್ಥಾವರಗಳು ಹೊಗೆಗೆ ಸುಣ್ಣಕಲ್ಲಿನ ತಿಳಿಗಂಜಿಯ ಸ್ನಾನ ಮಾಡಿಸತೊಡಗಿದವು. ಒಂದು ಟನ್ ಸಲ್ಫರ್ ಡೈಆಕ್ಸೈಡ್ ಹಿಡಿಯಲು ಲೆಕ್ಕಕ್ಕೆ 1.56 ಟನ್ ಸುಣ್ಣಕಲ್ಲು ಬೇಕು, ಸಿಗುವುದು 2.7 ಟನ್ ಜಿಪ್ಸಂ. ಗಂಜಿಯ ಪಿಎಚ್ (ಹುಳಿ-ಕ್ಷಾರದ ಅಳತೆ; ಇಳಿದಷ್ಟೂ ಹುಳಿ) 5ರಿಂದ 6ರ ನಡುವೆಯೇ ಇರಬೇಕು. ಅದಕ್ಕಿಂತ ಇಳಿದರೆ ಅನಿಲ ಸರಿಯಾಗಿ ಕರಗುವುದಿಲ್ಲ. ಏರಿದರೆ ಸುಣ್ಣಕಲ್ಲೇ ಕರಗದೆ ಒಳಗೋಡೆಗೂ ನಳಿಕೆಗಳಿಗೂ ಹರಳು ಕಟ್ಟುತ್ತದೆ. ತಳಕ್ಕೆ ಊದುವ ಗಾಳಿ ಸಾಲದಿದ್ದರೆ ಜಿಪ್ಸಂ ಬದಲು ಮಾರಲಾಗದ ಕೆಸರು ಉಳಿಯುತ್ತದೆ.

ಇನ್ನೊಂದು ಮಾತು. ಕಾರ್ಖಾನೆ ಸುಧಾರಿಸಿದರೂ ಮನೆಯೊಲೆ ಉಳಿಯುತ್ತದೆ. ಅಲ್ಲಿ ಸುಡುವ ಕಲ್ಲಿದ್ದಲು ಕಡಿಮೆ, ಆದರೆ ಚಿಮಣಿ ಮಾಳಿಗೆಯೆತ್ತರ; ಹೊಗೆ ಸೀದಾ ಮೂಗಿಗೆ. ಪೋಲೆಂಡಿನ ಕ್ರಾಕೋವ್ 2019ರ ಸೆಪ್ಟೆಂಬರ್ 1ರಿಂದ ನಗರದಲ್ಲಿ ಕಲ್ಲಿದ್ದಲು, ಸೌದೆ ಉರಿಸುವುದನ್ನೇ ನಿಷೇಧಿಸಬೇಕಾಯಿತು.

ನಿಮ್ಮೂರ ಪಕ್ಕದ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಈ ಲೆಕ್ಕವನ್ನು ಹಾಗೇ ಹಚ್ಚಬೇಡಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಗಂಧಕ ಸಾಮಾನ್ಯವಾಗಿ ಶೇ 0.5ರ ಆಸುಪಾಸು, ಬೂದಿ ಮಾತ್ರ ಶೇ 30ರಿಂದ 40. ಅಂದರೆ ಒಂದು ಟನ್ನಿಗೆ 300 ಕೆ.ಜಿ.ಗೂ ಮಿಕ್ಕಿದ ಬೂದಿ. ಆದ್ದರಿಂದ ಎಷ್ಟು ಯೂನಿಟ್ ಉತ್ಪಾದನೆಯಾಯಿತು ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಬೂದಿ ಹಿಡಿಯುವ ವಿದ್ಯುತ್ ಫಲಕಗಳ ಎಲ್ಲ ಸಾಲುಗಳೂ ಚಾಲೂ ಇವೆಯೇ, ಚಿಮಣಿಯ ಪ್ರತಿ ಘನ ಮೀಟರ್ ಹೊಗೆಯಲ್ಲಿ ಎಷ್ಟು ಮಿಲಿಗ್ರಾಂ ದೂಳು ಹೊರಬೀಳುತ್ತಿದೆ ಎಂದು ಕೇಳಿ.