ಶರಾವತಿ ಹಿನ್ನೀರಿನ ಜೆಟ್ಟಿಗೆ ಯಾವ ಹಲಗೆ: ಸಾಗುವಾನಿ, ಡಬ್ಲ್ಯುಪಿಸಿ, ಮೆರೈನ್ ಪ್ಲೈ?

ನೀವು ಕೇಳಿರುವುದು ಇಷ್ಟು: ಹೊಸನಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿಗೆ ತಾಗಿದ ಜಾಗ. ಹೋಂಸ್ಟೇಗೆ ಬಂದವರು ದೋಣಿ ಹತ್ತಿ ಇಳಿಯಲು, ಸಂಜೆ ಕೂರಲು 20 ಅಡಿ ಉದ್ದ, 6 ಅಡಿ ಅಗಲದ ತೇಲುವ ಜೆಟ್ಟಿ. ಮೇಲ್ಹಾಸಿಗೆ ಸ್ವಂತ ಜಮೀನಿನ ಸಾಗುವಾನಿ ಹಾಕಬೇಕೋ, ಅಂಗಡಿಯವರು ಹೇಳುವ ಡಬ್ಲ್ಯುಪಿಸಿ (ಮರ-ಪ್ಲಾಸ್ಟಿಕ್ ಬೆರಕೆಯ ಹಲಗೆ) ಹಾಕಬೇಕೋ, ಬಡಗಿ ಹೇಳುವ ಮೆರೈನ್ ಪ್ಲೈ ಹಾಕಬೇಕೋ?

ನನ್ನ ಉತ್ತರ: ಕೂರುವ ಭಾಗಕ್ಕೆ ಕೆಚ್ಚು (ಮರದ ಒಳಗಿನ ಗಟ್ಟಿ ಭಾಗ) ಕಟ್ಟಿದ ಸಾಗುವಾನಿ. ದಡದಿಂದ ಜೆಟ್ಟಿಗೆ ಇಳಿಯುವ ಸಂಕಕ್ಕೆ ಎಫ್‌ಆರ್‌ಪಿ ಗ್ರೇಟಿಂಗ್, ಅಂದರೆ ಗಾಜಿನ ನಾರು, ರೆಸಿನ್‌ನಿಂದ ಮಾಡಿದ ಜಾಲರಿ ಹಾಳೆ. ಡಬ್ಲ್ಯುಪಿಸಿ ಮೂರನೆಯ ಆಯ್ಕೆ, ಅದೂ ಎಂದೂ ನೀರಲ್ಲಿ ಮುಳುಗದ ಕಡೆ ಮಾತ್ರ. ಮೆರೈನ್ ಪ್ಲೈ ಬೇಡವೇ ಬೇಡ.

ಸದಾ ನೀರಿನಡಿ ಮುಳುಗಿರುವ ಮರ ಬೇಗ ಕೊಳೆಯುವುದಿಲ್ಲ, ಯಾಕೆಂದರೆ ಮರ ತಿನ್ನುವ ಶಿಲೀಂಧ್ರಕ್ಕೆ ಗಾಳಿಯೂ ಬೇಕು. ಸದಾ ಒಣಗಿರುವುದೂ ಕೊಳೆಯುವುದಿಲ್ಲ. ನೆನೆದು ಅರೆಬರೆ ಒಣಗಿ ಮತ್ತೆ ನೆನೆಯುವ ಜಾಗವೇ ಹಾಳಾಗುವುದು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಲಗೆ ಪೂರ್ತಿ ಒಣಗುವ ದಿನ ಅಪರೂಪ. ಆದರೂ ಕೊಳೆ ಸಾಮಾನ್ಯವಾಗಿ ಹಲಗೆಯ ನಡುವಿನಲ್ಲಿ ಹುಟ್ಟುವುದಿಲ್ಲ. ಹಲಗೆ ಜಂತೆಯ (ಅಡಿಯ ಆಸರೆ ತೊಲೆಯ) ಮೇಲೆ ಕೂರುವ ಪಟ್ಟಿ, ಸ್ಕ್ರೂ ತೂತು, ಕೊಯ್ದ ತುದಿ, ಈ ಮೂರು ಕಡೆ ಹುಟ್ಟುತ್ತದೆ. ಯಾವ ಮರ ಎಂಬುದರಷ್ಟೇ ಮುಖ್ಯ, ಈ ಮೂರು ಕಡೆ ನೀರು ನಿಲ್ಲದಂತೆ ಜೋಡಿಸುವುದು. ಒಳ್ಳೆಯ ಸಾಗುವಾನಿಯನ್ನು ಸಂದು ಬಿಡದೆ ಬಡಿದರೆ, ಸಾಧಾರಣ ಮರವನ್ನು ಸರಿಯಾಗಿ ಕೂರಿಸಿದ್ದಕ್ಕಿಂತ ಮೊದಲು ಹೋಗುತ್ತದೆ.

ಸಾಗುವಾನಿಯಲ್ಲಿ ಬಾಳಿಕೆ ಬರುವುದು ಕೆಚ್ಚು ಮಾತ್ರ. ಸುತ್ತಲಿನ ಬಿಳಿ ಭಾಗಕ್ಕೆ ಹುಳು, ಕೊಳೆ ಎರಡೂ ಬೇಗ ಹತ್ತುತ್ತವೆ. ಎಳೆಯ, ಸಣ್ಣ ದಪ್ಪದ ಮರ ಕೊಯ್ಸಿದರೆ ಅರ್ಧದಷ್ಟು ಬಿಳಿಯೇ ಸಿಗುವುದುಂಟು. ಸಾಮಿಲ್‌ನಲ್ಲಿ ದಿಮ್ಮಿಯ ತುದಿ ನೋಡಿ, ಹೊಂಬಣ್ಣದ ಕಂದು ಎಲ್ಲಿಂದ ಶುರುವಾಗುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ, ಅದರೊಳಗೇ ಹಲಗೆ ತೆಗೆಸಿ. ಸ್ವಂತ ಜಮೀನಿನ ಮರವಾದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಮೀನಿಗೂ ಅನ್ವಯಿಸುತ್ತದೆ. ಕೊಯ್ಸಿದ ಹಲಗೆಗಳ ನಡುವೆ ಒಂದಿಂಚಿನ ರೀಪು ಇಟ್ಟು, ನೆರಳಲ್ಲಿ, ಗಾಳಿಯಾಡುವಂತೆ ಪೇರಿಸಿ ಬೇಸಿಗೆ ಕಳೆಯಲು ಬಿಡಿ. ಹಸಿ ಹಲಗೆಯನ್ನೇ ಹೊಡೆದರೆ ಮಾರ್ಚ್ ಬಿಸಿಲಿಗೆ ಸಂದು ಅಗಲವಾಗಿ ಅಂಚು ಬಟ್ಟಲಿನಂತೆ ಮೇಲೇಳುತ್ತದೆ. ಆ ಬಟ್ಟಲಲ್ಲೇ ಮಳೆನೀರು ನಿಲ್ಲುತ್ತದೆ.

ನಿಮ್ಮ ಅಳತೆಗೆ ಲೆಕ್ಕ ಹೀಗೆ. ಹಲಗೆಗಳನ್ನು ನಡೆಯುವ ದಿಕ್ಕಿಗೆ ಅಡ್ಡ ಹಾಕಿ, ಅಂದರೆ ಪ್ರತಿ ಹಲಗೆ 6 ಅಡಿ ಉದ್ದ. 5 ಇಂಚು ಅಗಲ, ಒಂದೂಕಾಲು ಇಂಚು ದಪ್ಪ. 46 ಹಲಗೆ ಹಾಕಿದರೆ ನಡುವಿನ 45 ಸಂದುಗಳಿಗೆ ಒಟ್ಟು 10 ಇಂಚು ಉಳಿಯುತ್ತದೆ, ಒಂದೊಂದು ಸಂದು ಐದೂವರೆ ಮಿ.ಮೀ. ಚಿಲ್ಲರೆ. ಅಷ್ಟೇ ಬೇಕು: ನೀರು ಇಳಿಯುತ್ತದೆ, ಕುರ್ಚಿ ಕಾಲು ಸಿಕ್ಕುವುದಿಲ್ಲ. ಅಡಿಯಲ್ಲಿ ಉದ್ದಕ್ಕೆ 2×3 ಇಂಚಿನ ಜಂತೆ ಐದು ಸಾಲು, ನಡುವಿನಿಂದ ನಡುವಿಗೆ ಹದಿನೇಳೂವರೆ ಇಂಚು. ಹಲಗೆಗೆ 12 ಘನ ಅಡಿ, ಜಂತೆಗೆ 4 ಘನ ಅಡಿ ಚಿಲ್ಲರೆ. ಗಂಟು, ಬಿರುಕು, ತುದಿ ತೆಗೆದದ್ದಕ್ಕೆ ಶೇಕಡಾ 15 ಸೇರಿಸಿ 19 ಘನ ಅಡಿ ತನ್ನಿ. ಸಾಗುವಾನಿ ಘನ ಅಡಿಗೆ 18 ಕೆ.ಜಿ. ಆಸುಪಾಸು ತೂಗುವುದರಿಂದ ಮೇಲ್ಹಾಸು, ಜಂತೆ ಸೇರಿ ಸುಮಾರು 300 ಕೆ.ಜಿ.

ಸ್ಕ್ರೂ: ಪ್ರತಿ ಹಲಗೆ ಪ್ರತಿ ಜಂತೆಗೆ ಎರಡು, ಒಟ್ಟು 460. ಹೀಗಾಗಿ 500 ತನ್ನಿ. 10 ನಂಬರ್, 65 ಮಿ.ಮೀ., ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) 304. ಹಿನ್ನೀರು ಸಿಹಿನೀರಾದ್ದರಿಂದ 304 ಸಾಕು. ಕೆಳಗೆ ಹೊನ್ನಾವರದ ಕಡೆ ಉಪ್ಪುನೀರು ನುಗ್ಗುವ ಜಾಗವಾಗಿದ್ದರೆ 316 ಬೇಕಿತ್ತು. ಸಾಮಾನ್ಯ ಕಬ್ಬಿಣದ ಮೊಳೆಯಿಂದ ಸಾಗುವಾನಿ ಮೇಲೆ ಕಪ್ಪು ಕಲೆ ಇಳಿಯುತ್ತದೆ, ತುಕ್ಕು ಉಬ್ಬಿ ತೂತು ಸೀಳುತ್ತದೆ. ಹಲಗೆಗೆ 5 ಮಿ.ಮೀ., ಜಂತೆಗೆ 3 ಮಿ.ಮೀ. ತೂತು ಮೊದಲೇ ಕೊರೆಯಿರಿ, ತುದಿಯಿಂದ ಒಂದಿಂಚಾದರೂ ಒಳಗೆ. ಸ್ಕ್ರೂ ತಲೆ ಹಲಗೆಯ ಮಟ್ಟಕ್ಕೆ ಬಂದಾಗ ನಿಲ್ಲಿಸಿ. ಒಳಗೆ ಇಳಿಸಿದರೆ ಪ್ರತಿ ತಲೆಯ ಮೇಲೂ ಒಂದು ಪುಟ್ಟ ನೀರಿನ ಗುಂಡಿ. ಜಂತೆಯ ಮೇಲ್ಮೈಗೆ ಬಿಟುಮೆನ್ ಟೇಪ್ ಅಂಟಿಸಿ ಆಮೇಲೆ ಹಲಗೆ ಕೂರಿಸಿ. ಕೊಯ್ದ ತುದಿಗಳಿಗೆಲ್ಲ ಕರಗಿಸಿದ ಮೇಣ ಹಚ್ಚಿ. ಅಗ್ಗದ ಈ ಎರಡು ಕೆಲಸಗಳನ್ನೇ ಹೆಚ್ಚಿನವರು ಬಿಡುತ್ತಾರೆ, ಬಾಳಿಕೆಗೆ ಹೆಚ್ಚು ವರ್ಷ ಸೇರಿಸುವುದೂ ಇವೇ.

ವಾರ್ನಿಷ್ ಬೇಡ. ಒಂದೆರಡು ಮಳೆಗಾಲಕ್ಕೆ ಪದರ ಎದ್ದು, ಅದರಡಿ ನೀರು ಸೇರಿ ಕಪ್ಪಾಗುತ್ತದೆ. ಹಸಿ ಅಗಸೆ ಎಣ್ಣೆಯೂ ಬೂಷ್ಟಿಗೆ ಊಟ. ಬಣ್ಣ ಬೂದಿಯಾಗುವುದು ಹಾಳಾದ ಗುರುತಲ್ಲ, ಹಾಗೇ ಬಿಡಿ. ಕರಾವಳಿಯಲ್ಲಿ ದೋಣಿಗೆ ಹಚ್ಚುವ ಗೇರುಬೀಜದ ಸಿಪ್ಪೆಯ ಎಣ್ಣೆ ಮರಕ್ಕೆ ನಿಜಕ್ಕೂ ಒಳ್ಳೆಯದು, ಆದರೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಜಂತೆಯ ಅಡಿಮೈಗೆ ಸರಿ, ಬರಿಗಾಲಲ್ಲಿ ನಡೆಯುವ ಹಲಗೆಗೆ ಸಲ್ಲ. ಹಳೇ ಇಂಜಿನ್ ಆಯಿಲ್ ಹಚ್ಚುವ ರೂಢಿಯನ್ನಂತೂ ದಯವಿಟ್ಟು ಮನೆಯ ಬೇಲಿಗೇ ಬಿಡಿ. ಜೆಟ್ಟಿಯಲ್ಲಿ ಅದು ಜಾರಿಕೆ, ಮೊದಲ ಮಳೆಗೇ ತೊಳೆದು ಮೀನಿರುವ ನೀರಿಗೆ ಸೇರುತ್ತದೆ.

ಸಾಗುವಾನಿ ಸಾಲದಿದ್ದರೆ ಜಂಬೆ ಮರದ ಕೆಚ್ಚು ಗಟ್ಟಿ, ಬಾಳಿಕೆಯದು. ಕೊರೆಯಲು ಕಷ್ಟ, ತೂಕ ಜಾಸ್ತಿ, ಜಂತೆಗೆ ಹೇಳಿ ಮಾಡಿಸಿದ್ದು. ಹಲಸಿನ ಕೆಚ್ಚೂ ಆಗಬಹುದು. ಅಕೇಶಿಯಾ ಅಗ್ಗಕ್ಕೆ ಸಿಗುತ್ತದೆ, ತಿರುಚಿಕೊಳ್ಳುತ್ತದೆ; 4 ಇಂಚಿಗಿಂತ ಅಗಲ ತೆಗೆಸಬೇಡಿ. ಸಿಲ್ವರ್ ಓಕ್, ಮಾವು ಬೇಡ. ಅಡಿಕೆ ದಬ್ಬೆ ತೋಟದ ಸಂಕಕ್ಕೆ ಚೆನ್ನ, ಯಾಕೆಂದರೆ ಕೊಳೆತಾಗ ಬದಲಿಸಲು ಪಕ್ಕದಲ್ಲೇ ಮರ ಇರುತ್ತದೆ. ಅತಿಥಿಗಳು ನಿಲ್ಲುವ ಜಾಗಕ್ಕೆ ಅದನ್ನು ನಂಬಬಾರದು.

ಡಬ್ಲ್ಯುಪಿಸಿ ಬಗ್ಗೆ ಅಂಗಡಿಯಲ್ಲಿ ಹೇಳದ ಮಾತು: ಅದರಲ್ಲಿ ದೊಡ್ಡ ಪಾಲು ಮರದ ಹುಡಿಯೇ. ಗೆದ್ದಲು ಹತ್ತುವುದು ಕಡಿಮೆ, ಸಿಬಿರು ಏಳುವುದಿಲ್ಲ, ನಿಜ. ಆದರೆ ಮಳೆಗಾಲದಲ್ಲಿ ಕಪ್ಪು ಚುಕ್ಕಿ ಬರುತ್ತದೆ, ಬಹಳ ಕಾಲ ನೀರಲ್ಲಿ ನಿಂತರೆ ಉಬ್ಬುತ್ತದೆ. ಮರಕ್ಕಿಂತ ಬಾಗುವಿಕೆ ಹೆಚ್ಚು, ಹಾಗಾಗಿ ಜಂತೆ 12 ಇಂಚಿಗೊಂದು ಬೇಕು. ನಿಮ್ಮ 6 ಅಡಿಗೆ ಐದರ ಬದಲು ಏಳು ಸಾಲು. ಬಿಸಿಲಿಗೆ ಉದ್ದದಲ್ಲಿ ಹಿಗ್ಗುತ್ತದೆ: 10 ಅಡಿ ಹಲಗೆ 30 ಡಿಗ್ರಿ ವ್ಯತ್ಯಾಸಕ್ಕೆ 3–4 ಮಿ.ಮೀ. ತುದಿಯಲ್ಲಿ 5 ಮಿ.ಮೀ. ಬಿಡದಿದ್ದರೆ ನಡುವೆ ಬಿಲ್ಲಾಗುತ್ತದೆ. ಹಾಕುವುದಾದರೆ ಒಳಗೆ ಟೊಳ್ಳಿಲ್ಲದ್ದು, ತಿಳಿ ಬಣ್ಣದ್ದು ತೆಗೆದುಕೊಳ್ಳಿ. ಟೊಳ್ಳಿನೊಳಗೆ ಕೆಸರು ಸೇರಿದರೆ ತೆಗೆಯಲು ದಾರಿಯಿಲ್ಲ, ಗಾಢ ಬಣ್ಣ ಏಪ್ರಿಲ್ ಮಧ್ಯಾಹ್ನ ಬರಿಗಾಲನ್ನು ಸುಡುತ್ತದೆ. ನೀರಲ್ಲಿ ಮುಳುಗಿದರೆ ಗ್ಯಾರಂಟಿ ಉಂಟೇ ಎಂದು ಕಾಗದ ಓದಿ ಆಮೇಲೆ ದುಡ್ಡು ಕೊಡಿ.

ಮೆರೈನ್ ಪ್ಲೈ ಎಂದರೆ ಐಎಸ್ 710 ಎಂಬ ಭಾರತೀಯ ಮಾನಕದ ಪ್ಲೈವುಡ್. ಅದರ ಅಂಟು ಕುದಿಯುವ ನೀರನ್ನೂ ತಡೆಯುತ್ತದೆ, ಅದಕ್ಕೇ ಬಡಗಿಗೆ ನಂಬಿಕೆ. ಸೋಲುವುದು ಅಂಟಲ್ಲ, ಮೇಲಿನ ತೆಳು ಪದರ. ಬಿಸಿಲಿಗೆ ಸೀಳಿ, ಅಂಚಿನಿಂದ ನೀರು ಕುಡಿಯುತ್ತದೆ. ಸಂದಿಲ್ಲದ ಹಾಳೆಯಾದ್ದರಿಂದ ನೀರು ಇಳಿಯಲು ಜಾಗವೂ ಇಲ್ಲ. ಅದರ ಬದಲು ಚೆಕರ್ಡ್ ಪ್ಲೇಟ್ (ಉಬ್ಬುಗೆರೆಯ ಲೋಹದ ತಗಡು) ಹಾಕೋಣವೆಂದರೆ ಅದೂ ಒದ್ದೆಯಾದರೆ ಜಾರುತ್ತದೆ.

ಸಂಕದ ಮಾತು ಬೇರೆ. ಈ ಹಿನ್ನೀರಿನ ಲಿಂಗನಮಕ್ಕಿ ಜಲಾಶಯ ತುಂಬಿದಾಗ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಬೇಸಿಗೆಯ ಕೊನೆಗೆ ಹತ್ತಾರು ಅಡಿ ಇಳಿದು ನೀರಿನ ಅಂಚು ಎಷ್ಟೋ ದೂರ ಸರಿದಿರುತ್ತದೆ. ಜೆಟ್ಟಿಯನ್ನು ನೀರಿನೊಂದಿಗೆ ಸರಿಸುತ್ತ ಹೋಗಬೇಕು, ಸಂಕದ ಕೆಳತುದಿ ಕೆಸರು, ನೀರು ಎರಡರಲ್ಲೂ ಕೂರುತ್ತದೆ. ಅಲ್ಲಿ ಎಫ್‌ಆರ್‌ಪಿ ಗ್ರೇಟಿಂಗ್‌ಗೆ ಸಮ ಇಲ್ಲ. 38 ಮಿ.ಮೀ. ದಪ್ಪದ, ಮೇಲೆ ಮರಳು ಕೂರಿಸಿದ ಹಾಳೆ 4×12 ಅಡಿ ಅಳತೆಯಲ್ಲಿ ಬರುತ್ತದೆ. ಉದ್ದಕ್ಕೆ ಕೊಯ್ದು 3 ಅಡಿ ಅಗಲದ ಸಂಕ ಒಂದೇ ಹಾಳೆಯಲ್ಲಾಗುತ್ತದೆ. ಅಡಿ ಆಸರೆ ಎರಡೂವರೆ ಅಡಿಗೊಂದು. ಕೊಯ್ದ ಅಂಚಿಗೆಲ್ಲ ರೆಸಿನ್ ಬಳಿಯಬೇಕು, ಇಲ್ಲದಿದ್ದರೆ ಗಾಜಿನ ನಾರಿನ ದಾರಿಯಲ್ಲಿ ನೀರು ಒಳಸೇರುತ್ತದೆ. ಕೊಯ್ಯುವಾಗ ಮಾಸ್ಕ್, ತುಂಬುತೋಳು ಕಡ್ಡಾಯ. ಕೂರುವ ಕಡೆಗೂ ಇದೇ ಬೇಕೆಂದರೆ ಮೇಲ್ಮೈ ಕಣ್ಣು 20 ಮಿ.ಮೀ.ಗಿಂತ ಸಣ್ಣದನ್ನು ಕೇಳಿ. ಸಾಮಾನ್ಯ ಕಣ್ಣಿನಲ್ಲಿ ಮೊಬೈಲ್ ನೇರ ನೀರಿಗೆ.

ಕೆಳಗಿನ ಕಬ್ಬಿಣದ ಚೌಕಟ್ಟಿಗೆ ವೆಲ್ಡಿಂಗ್, ತೂತು ಎಲ್ಲ ಮುಗಿಸಿ ಆಮೇಲೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್‌ಗೆ ಕಳಿಸಿ. ಆದಮೇಲೆ ವೆಲ್ಡ್ ಮಾಡಿದರೆ ಸತು ಸುಟ್ಟು ಅಲ್ಲಿಂದಲೇ ತುಕ್ಕು ಶುರು. ದೋಣಿ ಕಟ್ಟುವ ಗೂಟವನ್ನು ಚೌಕಟ್ಟಿಗೇ ಬೋಲ್ಟ್ ಮಾಡಿ, ಹಲಗೆಗಲ್ಲ. 50 ಸೆಂ.ಮೀ. ಚೌಕದ ಪ್ಲಾಸ್ಟಿಕ್ ತೇಲುಡಬ್ಬಿ 4×12 ಸಾಲಿನಲ್ಲಿ 48 ಬೇಕು. ಒಂದೊಂದು ಸುಮಾರು 80 ಕೆ.ಜಿ. ಹೊರುತ್ತದೆ. ಮರ, ಕಬ್ಬಿಣ ಕಳೆದು ಉಳಿದುದರ ಅರ್ಧ ಮಾತ್ರ ಬಳಸಿ. ಎಲ್ಲರೂ ಒಂದೇ ಬದಿಗೆ ಸರಿದರೆ ವಾಲುತ್ತದೆ, ಆದ್ದರಿಂದ 12 ಜನಕ್ಕೆ ಮಿತಿ ಹಾಕಿ. ನೀರು ಇಳಿಯುವಾಗ ಮುಳುಗಡೆಯ ಹಳೇ ಮರದ ಬೊಡ್ಡೆಗಳ ಮೇಲೆ ಕೂತರೆ ಡಬ್ಬಿ ತೂತಾಗುತ್ತದೆ. ಬೇಸಿಗೆಯಲ್ಲೇ ತಳ ನೋಡಿ ಸರಿಸುವ ದಾರಿ ಗುರುತು ಮಾಡಿಟ್ಟುಕೊಳ್ಳಿ.

ಹಾವಸೆಗೆ (ಪಾಚಿಗೆ) ಯಾವ ಹಲಗೆಯೂ ಹೊರತಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಗಡಸು ಪೊರಕೆ, ಬರೀ ನೀರು. ಸಂದಿನ ಎಲೆ, ಕಸವನ್ನು ಕಡ್ಡಿಯಿಂದ ಎಬ್ಬಿಸಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಮರದ ನಾರು ಎದ್ದು ಮುಂದಿನ ಸಲ ಹಾವಸೆ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ.

ಕೆಲಸ ಶುರು ಮಾಡುವ ಮೊದಲು ನಿಮ್ಮ ಪಹಣಿಯ ಗಡಿ ಎಲ್ಲಿ ಮುಗಿಯುತ್ತದೆ ನೋಡಿ. ಮುಳುಗಡೆಗೆ ಸ್ವಾಧೀನವಾದ ಜಾಗ ನಿಮ್ಮದಲ್ಲ, ಲಿಂಗನಮಕ್ಕಿ ಕೆಪಿಸಿಎಲ್ (ಕರ್ನಾಟಕ ವಿದ್ಯುತ್ ನಿಗಮ) ಜಲಾಶಯ. ಅಲ್ಲಿಯ ಲಿಖಿತ ಅನುಮತಿ, ಕಾಡಿನ ಅಂಚಾದರೆ ಅರಣ್ಯ ಇಲಾಖೆಯದೂ, ಕೈಗೆ ಬಂದ ಮೇಲೆ ಮರ ಕೊಯ್ಸಿ.