ಎಲ್ಲಾ ನೆನಪಿರುತ್ತೆ, ಕೆಲಸ ಮಾತ್ರ ಆಗಲ್ಲ: ಒಂದು ಆಪ್ತಸಲಹೆ ಪ್ರಕರಣ

(ಹೆಸರು, ವಯಸ್ಸು, ವ್ಯಾಪಾರ ಎಲ್ಲಾ ಬದಲಾಯಿಸಿದೀನಿ. ಮನೆಯವರ ಒಪ್ಪಿಗೆ ತಗೊಂಡೇ ಬರೀತಿರೋದು.)

ಮಹೇಶ ಅಂತ ಇಟ್ಕೊಳ್ಳಿ, ನಲವತ್ತರ ಆಸುಪಾಸು, ಅಣ್ಣನ ಜೊತೆ ಸೇರಿ ಹಾರ್ಡ್‌ವೇರ್ ಅಂಗಡಿ. ಬೈಕಲ್ಲಿ ಬಿದ್ದು ತಲೆಗೆ ಜೋರಾಗೇ ಪೆಟ್ಟಾಗಿತ್ತು, ಹೆಲ್ಮೆಟ್ ಇತ್ತಂತೆ, ಟ್ಯಾಂಕ್ ಮೇಲೆ. ಐಸಿಯು, ಆಪರೇಷನ್ ಎಲ್ಲಾ ಮುಗ್ಸಿ ಮನೆಗೆ ಬಂದು, ಮಾತು ನಡಿಗೆ ಎಲ್ಲಾ ಸರಿಹೋಗಿ, ಹರಕೆನೂ ತೀರಿಸಿ, ಅಂಗಡಿಗೂ ಹೋಗೋಕೆ ಶುರು ಮಾಡಿದ್ರು. ಜಗಳ ಶುರುವಾಗಿದ್ದು ಆಮೇಲೆ.

ಹೆಂಡ್ತಿ ಲತಾ ಬಂದವರೇ ಹೇಳಿದ್ದು ಇದು: "ಮೇಡಂ, ಇವ್ರಿಗೆ ಯಾರ್ಯಾರು ಎಷ್ಟು ಉದ್ರಿ ಬಾಕಿ ಇಟ್ಟಿದಾರೆ ಅಂತ ಪೈಸೆ ಸಮೇತ ನೆನಪಿದೆ. ಮಗಳ ಫೀಸ್ ಕಟ್ಟಿ ಬನ್ನಿ ಅಂದ್ರೆ ಹೂಂ ಅಂದು ದುಡ್ಡು ತಗೊಂಡು ಹೋಗ್ತಾರೆ, ದಾರಿಲಿ ಯಾರೋ ಸಿಕ್ಕಿದ್ರು ಅಂತ ಟೀ ಕುಡೀತಾರೆ, ಯಾವ್ದೋ ಡ್ರಿಲ್ಲಿಂಗ್ ಮಿಷಿನ್ ತಗೊಂಡು ವಾಪಸ್ ಬರ್ತಾರೆ. ಫೀಸ್ ಏನಾಯ್ತು ಅಂದ್ರೆ 'ಕಟ್ಬೇಕಿತ್ತು, ಗೊತ್ತು' ಅಂತಾರೆ. ಗೊತ್ತಿದ್ದೂ ಮಾಡಲ್ಲ ಅಂದ್ರೆ ಬೇಕಂತ್ಲೇ ತಾನೆ?"

ಅಣ್ಣಂದೂ ಅದೇ ರಾಗ, ಇನ್ನೂ ಖಾರವಾಗಿ: ಇವ್ನಿಗೆ ಮೈಗಳ್ಳತನ, ಆಕ್ಸಿಡೆಂಟ್ ಒಂದು ನೆಪ. ಮಹೇಶ ಮಾತ್ರ ಆರಾಮಾಗಿ ಕೂತಿದ್ರು. "ನಂಗೇನಾಗಿದೆ ಮೇಡಂ, ಚೆನ್ನಾಗೇ ಇದೀನಲ್ಲ" ಅಂದ್ರು. ಅದನ್ನ ಸುಳ್ಳು ಅಂತಾನೋ ಮೊಂಡುತನ ಅಂತಾನೋ ತಗೋಬಾರ್ದು, ಈ ಥರ ಪೆಟ್ಟಾದವರಲ್ಲಿ ತಮ್ಮ ತೊಂದ್ರೆ ತಮಗೇ ಕಾಣದೇ ಇರೋದು ತುಂಬಾ ಸಾಮಾನ್ಯ.

ಫೈಲಲ್ಲಿ ನ್ಯೂರೋಸೈಕಾಲಜಿ ರಿಪೋರ್ಟ್, ಅಂದ್ರೆ ಮಿದುಳಿನ ಯಾವ್ಯಾವ ಕೆಲಸ ಹೇಗೆ ನಡೀತಿದೆ ಅಂತ ಟೆಸ್ಟ್ ಮಾಡಿದ ವರದಿ ಒಂದು ಇತ್ತು, ಯಾರೂ ಅದನ್ನ ಬಿಡಿಸಿ ಹೇಳಿರ್ಲಿಲ್ಲ. ನೆನಪಿನ ಟೆಸ್ಟ್ ಹೆಚ್ಚುಕಮ್ಮಿ ನಾರ್ಮಲ್, ಬುದ್ಧಿಮತ್ತೆ ನಾರ್ಮಲ್, ಆದ್ರೆ ಪ್ಲಾನಿಂಗ್ ಮತ್ತೆ ವಿಸ್ಕಾನ್ಸಿನ್ ಕಾರ್ಡ್ ಸಾರ್ಟಿಂಗ್ ಅನ್ನೋ ಟೆಸ್ಟಲ್ಲಿ ಸ್ಕೋರ್ ಪಾತಾಳಕ್ಕೆ. "ಇದೇನು ಇಸ್ಪೀಟಾ?" ಅಂದ್ರು ಅಣ್ಣ. ನಂಗೆ ಅಲ್ಲೇ ದಾರಿ ಸಿಕ್ತು, ಯಾಕಂದ್ರೆ ಈ ಕಾರ್ಡ್ ಕಥೆ ಹೇಳಿದ್ರೆ ಅರ್ಧ ಸಲಹೆ ಕೊಟ್ಟ ಹಾಗೇ.

ಮಾಂಟ್ರಿಯಲ್‌ನಲ್ಲಿ ಬ್ರೆಂಡಾ ಮಿಲ್ನರ್ ಅಂತ ಒಬ್ಬ ವಿಜ್ಞಾನಿ, ಹುಟ್ಟಿದ್ದು 1918ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ. ಅವರು ಎರಡು ಥರದ ರೋಗಿಗಳನ್ನ ಅಭ್ಯಾಸ ಮಾಡಿದ್ರು, ಎರಡೂ ಒಂದಕ್ಕೊಂದು ಉಲ್ಟಾ. ಒಂದು ಕಡೆ ಅಮೆರಿಕದ ಹೆನ್ರಿ ಮೊಲೈಸನ್, 1953ರಲ್ಲಿ ಫಿಟ್ಸ್ ನಿಲ್ಸೋಕೆ ಅಂತ ಮಿದುಳಿನ ಎರಡೂ ಕಡೆ ಹಿಪೊಕ್ಯಾಂಪಸ್ ಅನ್ನೋ, ಹೊಸ ನೆನಪು ಕೂಡಿಡೋಕೆ ಬೇಕಾದ ಭಾಗ ತೆಗೆದ್ರು, ಅಲ್ಲಿಂದ ಹೊಸದು ಯಾವುದೂ ನೆನಪಲ್ಲಿ ನಿಲ್ಲದ ಹಾಗಾಯ್ತು. ಮಿಲ್ನರ್ ಅವನಿಗೆ ಕನ್ನಡಿಲಿ ನೋಡ್ಕೊಂಡು ನಕ್ಷತ್ರದ ಗೆರೆ ಎಳೆಯೋದು ಕೊಟ್ರು, ಮೂರು ದಿನದಲ್ಲಿ ಕೈ ಚೆನ್ನಾಗಿ ಪಳಗಿತು, ಆದ್ರೆ ಮೂರನೇ ದಿನವೂ ಅವನ ಪಾಲಿಗೆ ಅದು ಹಿಂದೆಂದೂ ಮಾಡದ ಕೆಲಸ. ನೆನಪಿಲ್ಲ, ಆದ್ರೆ ಮಾಡ್ತಾನೆ.

ಇನ್ನೊಂದು ಕಡೆ ಹಣೆ ಹಿಂದಿನ ಭಾಗಕ್ಕೆ, ಅಂದ್ರೆ ಫ್ರಂಟಲ್ ಲೋಬ್‌ಗೆ ಆಪರೇಷನ್ ಆದವರು. ಇಂಥ ರೋಗಿಗಳಿಗೆ ಮಿಲ್ನರ್ ಈ ಕಾರ್ಡ್ ಟೆಸ್ಟ್ ಮಾಡಿದ ವರದಿ 1963ರಲ್ಲಿ ಬಂತು. ಬಣ್ಣ, ಆಕಾರ, ಸಂಖ್ಯೆ, ಯಾವುದರ ಪ್ರಕಾರ ಕಾರ್ಡ್ ಜೋಡಿಸ್ಬೇಕು ಅಂತ ಹೇಳಲ್ಲ, ಸರಿ ತಪ್ಪು ಅಂತ ಮಾತ್ರ ಹೇಳ್ತಾರೆ, ಸತತ ಹತ್ತು ಸರಿ ಆದ್ಮೇಲೆ ಸದ್ದಿಲ್ಲದೆ ನಿಯಮ ಬದಲಾಯಿಸ್ತಾರೆ. ಬೇರೆಯವರು ಒಂದೆರಡು ತಪ್ಪು ಮಾಡಿ ದಾರಿ ಬದಲಾಯಿಸ್ಕೊಂಡ್ರೆ ಇವರು ಹಳೇ ನಿಯಮನೇ ಹಿಡ್ಕೊಂಡು ಕೂರ್ತಿದ್ರು, ಕೆಲವರು ತಪ್ಪು ಇಡ್ತಾ ಬಾಯಲ್ಲಿ 'ತಪ್ಪು' ಅಂತ ತಾವೇ ಹೇಳ್ತಾ ಮತ್ತೆ ಅಲ್ಲೇ ಇಡ್ತಿದ್ರು!

ಇಷ್ಟು ಹೇಳೋಷ್ಟರಲ್ಲಿ ಲತಾ ಗಂಡನ ಮುಖ ನೋಡಿದ್ರು. "ಕಟ್ಬೇಕಿತ್ತು, ಗೊತ್ತು" ಅನ್ನೋದು ಇದೇನೇ.

ಅಣ್ಣ ಸುಲಭಕ್ಕೆ ಒಪ್ಪಲಿಲ್ಲ, "ಹಾಗಾದ್ರೆ ಲೆಕ್ಕ ಹೇಗೆ ಸರಿಯಾಗಿ ಮಾಡ್ತಾನೆ?" ಅಂದ್ರು, ನ್ಯಾಯವಾದ ಪ್ರಶ್ನೆನೇ. 1991ರಲ್ಲಿ ಟಿಮ್ ಶಾಲಿಸ್ ಮತ್ತೆ ಪಾಲ್ ಬರ್ಜೆಸ್ ಅನ್ನೋ ಮನೋವಿಜ್ಞಾನಿಗಳು ತಲೆಗೆ ಪೆಟ್ಟಾದ ಮೂರು ಜನರ ಬಗ್ಗೆ ಬರೆದ್ರು, ಬುದ್ಧಿ ಪರೀಕ್ಷೆಲಿ ಮೂವರೂ ಚೆನ್ನಾಗೇ ಮಾಡ್ತಿದ್ರು. ಅವರನ್ನ ಅಂಗಡಿ ಬೀದಿಗೆ ಕಳಿಸಿ ಇಂತಿಂಥ ಸಾಮಾನು ತನ್ನಿ, ಇಂತಿಂಥ ವಿಷಯ ತಿಳ್ಕೊಂಡು ಬನ್ನಿ, ಇಷ್ಟು ನಿಯಮ ಪಾಲಿಸಿ ಅಂದ್ರೆ ಎಲ್ಲಾ ಕಲಸಿಹೋಗ್ತಿತ್ತು. ಟೆಸ್ಟ್ ಕೋಣೆಲಿ ಎದುರಿಗೆ ಒಬ್ಬರು ಕೂತು ಒಂದೊಂದೇ ಪ್ರಶ್ನೆ ಕೇಳ್ತಾರೆ, ಕೌಂಟರ್‌ನಲ್ಲಿ ಗಿರಾಕಿನೂ ಹಾಗೇ ಒಂದೊಂದೇ ಕೇಳ್ತಾನೆ. ಫೀಸ್ ಕಟ್ಟೋ ದಾರಿಲಿ ಯಾರೂ ಕೇಳಲ್ಲ, ಅಲ್ಲಿ ತನಗೆ ತಾನೇ ಮೇಸ್ತ್ರಿ ಆಗ್ಬೇಕು, ಆ ಮೇಸ್ತ್ರಿಗೇ ಪೆಟ್ಟಾಗಿರೋದು.

ಸಲಹೆ ವಿಷಯಕ್ಕೆ ಬರ್ತೀನಿ. ಮೊದಲು "ನೆನಪಿದ್ಯಾ?" ಅಂತ ಕೇಳೋದು ನಿಲ್ಸಿ ಅಂದೆ, ನೆನಪಿರುತ್ತೆ, ಹೂಂ ಅಂತಾರೆ, ನಿಮಗೆ ಸಿಟ್ಟು ಬರುತ್ತೆ, ಅಷ್ಟೇ ಲಾಭ. ಅದರ ಬದ್ಲು ಕೆಲಸ ಹೇಳೋವಾಗ್ಲೇ ಒಂದು ಜಾಗಕ್ಕೋ ಇನ್ನೊಂದು ಕೆಲಸಕ್ಕೋ ಗಂಟು ಹಾಕಿ: "ಶಟರ್ ಎತ್ತಿದ ತಕ್ಷಣ ಮೊದಲು ಸಪ್ಲೈಯರ್‌ಗೆ ಫೋನು." ಇದನ್ನ ಮಹೇಶ ತಮ್ಮ ಬಾಯಲ್ಲೇ ಹೇಳ್ಬೇಕು. ಪೀಟರ್ ಗೋಲ್ವಿಟ್ಜರ್ ಅನ್ನೋ ಮನೋವಿಜ್ಞಾನಿ ಇಂಥ 'ಹೀಗಾದಾಗ ಹೀಗೆ ಮಾಡ್ತೀನಿ' ಅನ್ನೋ ಯೋಜನೆ ಬಗ್ಗೆ ತುಂಬಾ ಕೆಲಸ ಮಾಡಿದಾರೆ, ಬರೀ 'ಮಾಡ್ತೀನಿ' ಅನ್ನೋದಕ್ಕಿಂತ ಇದು ಚೆನ್ನಾಗಿ ನಡೆಯುತ್ತೆ.

ಎರಡನೇದು ಫೋನ್ ಅಲಾರಂ. ಸುಮ್ನೆ ಟಿಂಗ್ ಅನ್ನೋದಲ್ಲ, ಏನ್ ಮಾಡ್ಬೇಕು ಅಂತ ಬರೆದಿರ್ಬೇಕು, ಬಡಿದಾಗ ಸ್ನೂಜ್ ಒತ್ತೋ ಹಾಗಿಲ್ಲ, ಎದ್ದು ಶುರು ಮಾಡ್ಬೇಕು. ಹೊರಗಿಂದ ಜ್ಞಾಪಿಸಿದ್ರೆ ಅವಮಾನ ಅಂತ ಮಹೇಶ ಮುಖ ಸಿಂಡರಿಸಿದ್ರು. ಇಂಗ್ಲೆಂಡಿನಲ್ಲಿ ಬಾರ್ಬರಾ ವಿಲ್ಸನ್ ಅನ್ನೋ ಮನೋವಿಜ್ಞಾನಿ ಮತ್ತೆ ಸಂಗಡಿಗರು ಸೊಂಟಕ್ಕೆ ಸಿಗಿಸೋ, ಮೆಸೇಜ್ ತೋರಿಸೋ ಪೇಜರ್ ಕೊಟ್ಟು 143 ಜನರ ಮೇಲೆ ನೋಡಿ 2001ರಲ್ಲಿ ಪ್ರಕಟಿಸಿದ್ರು, ಪೂರ್ತಿ ಮುಗಿಸಿದವರಲ್ಲಿ 80%ಗಿಂತ ಜಾಸ್ತಿ ಜನಕ್ಕೆ ದಿನದ ಕೆಲಸಗಳಲ್ಲಿ ಸುಧಾರಣೆ ಆಯ್ತು ಅಂದೆ. ಆಗ "ಸರಿ, ನೋಡಣ" ಅಂದ್ರು.

ಮನೆಲಿ ನೆನಪಿನ ಟಾನಿಕ್ ಎರಡು ಬಾಟ್ಲು, ದುಡ್ಡು ಕಟ್ಟಿದ ಬ್ರೈನ್ ಗೇಮ್ ಆಪ್ ಒಂದು ಇತ್ತು. ಟಾನಿಕ್ ಡಾಕ್ಟರಿಗೆ ತೋರಿಸಿ ಅಂದೆ. ಗೇಮ್ ಆಡಿದ್ರೆ ಬೇಜಾರ್ ಕಳೆಯುತ್ತೆ, ಫೀಸ್ ಕಟ್ಟೋಕೆ ಬರಲ್ಲ: 2010ರಲ್ಲಿ ಏಡ್ರಿಯನ್ ಓವೆನ್ ಅನ್ನೋ ಮಿದುಳು ವಿಜ್ಞಾನಿಯ ತಂಡ 11,430 ಜನಕ್ಕೆ ಆರು ವಾರ ಆಡಿಸಿ ನೋಡಿದ್ರೆ ಆಡಿದ ಆಟದಲ್ಲಿ ಚುರುಕಾದ್ರು, ಬೇರೆ ಪರೀಕ್ಷೆಗಳಿಗೆ ಆ ಚುರುಕು ದಾಟಲಿಲ್ಲ. ಅವರು ಆರೋಗ್ಯವಂತರೇ, ಆದ್ರೂ ಆಪ್ ಜಾಹೀರಾತು ನೋಡಿ ದುಡ್ಡು ಸುರಿಯೋ ಮುಂಚೆ ಇದು ಗೊತ್ತಿರ್ಲಿ. ನಿಮ್ಹಾನ್ಸ್‌ನಂಥ ಕಡೆ ಮಾಡೋ ಕಾಗ್ನಿಟಿವ್ ರೀಟ್ರೈನಿಂಗ್, ಅಂದ್ರೆ ಗಮನ, ಪ್ಲಾನಿಂಗ್ ಥರದ್ದಕ್ಕೆ ತಜ್ಞರು ಕೊಡೋ ತರಬೇತಿ, ಬೇರೆನೇ ವಿಷಯ, ಅಲ್ಲಿಗೆ ಪತ್ರ ಬರ್ಕೊಟ್ಟೆ.

ದುಡ್ಡಿನ ವಿಷಯಕ್ಕೆ ಮಾತ್ರ ನಾನು ಗಟ್ಟಿಯಾಗಿ ನಿಂತೆ. ಉದ್ರಿ ಕೊಡೋದು, ಚೆಕ್ ಸೈನ್, ಯುಪಿಐಲಿ ದೊಡ್ಡ ಮೊತ್ತ, ಇವಕ್ಕೆ ಸದ್ಯಕ್ಕೆ ಇಬ್ಬರ ಒಪ್ಪಿಗೆ ಬೇಕು, ಹಾಗಂತ ಎಲ್ಲರ ಮುಂದೆ "ಇವ್ನ ಕೈಗೆ ದುಡ್ಡು ಕೊಡ್ಬೇಡಿ" ಅನ್ನೋ ಹಾಗಿಲ್ಲ. ಕುಡಿತ ಪೂರ್ತಿ ಬಂದ್, ಬೈಕ್ ನ್ಯೂರಾಲಜಿಸ್ಟ್ ಹೂಂ ಅನ್ನೋವರೆಗೂ ಇಲ್ಲ. ಸಂಜೆ ಹೊತ್ತಿಗೆ ತಲೆ ದಣಿದಿರುತ್ತೆ, ಯೋಚನೆ ಬೇಕಾದ ಕೆಲಸ ಬೆಳಗ್ಗೆನೇ ಇಟ್ಕೊಳ್ಳಿ ಅಂದೆ.

ಲತಾ ಜೊತೆ ಬೇರೆ ಕೂತು ಮಾತಾಡಿದೆ. ರಾತ್ರಿ ನಿದ್ದೆ ಇಲ್ಲ, ತವರಿಗೆ ಹೋಗಿ ಎಷ್ಟೋ ತಿಂಗಳಾಗಿದೆ, "ಮದ್ವೆ ಆಗಿದ್ದವ್ರು ಇವ್ರಲ್ಲ ಅನ್ಸುತ್ತೆ" ಅಂತ ಅತ್ರು. ಈ ದುಃಖಕ್ಕೆ ನನ್ನ ಹತ್ರ ಟ್ರಿಕ್ ಇಲ್ಲ, ಅವರಿಗೇ ಪ್ರತ್ಯೇಕ ಭೇಟಿ ಗೊತ್ತು ಮಾಡಿದೆ, ವಾರಕ್ಕೊಂದು ಅರ್ಧ ದಿನ ಅಲಾರಂ ಉಸ್ತುವಾರಿ ಅಣ್ಣ ನೋಡ್ಕೋಬೇಕು ಅಂತ ಅವರ ಎದುರೇ ಒಪ್ಪಿಸ್ದೆ.

ಈಗ ಫೀಸ್, ಕರೆಂಟ್ ಬಿಲ್ ಟೈಮಿಗೆ ಹೋಗ್ತಿದೆ. ಅಂಗಡಿಲಿ ಪಟ್ಟಿ ಪ್ರಕಾರ ಸ್ಟಾಕ್ ಎಣಿಸೋದು ಮಹೇಶ ಒಬ್ರೇ ಮಾಡ್ತಾರೆ, ಪಟ್ಟಿಲಿಲ್ಲದ್ದು ಎದುರಾದ್ರೆ ಈಗ್ಲೂ ತಡವರಿಸ್ತಾರೆ. ಅಣ್ಣ ಮೈಗಳ್ಳ ಅನ್ನೋದು ಬಿಟ್ಟಿದಾರೆ, ಗೊಣಗೋದು ಬಿಟ್ಟಿಲ್ಲ. ಡ್ರಿಲ್ಲಿಂಗ್ ಮಿಷಿನ್ ಅಂಗಡಿಲೇ ಮಾರಿದ್ರಂತೆ, ಸ್ವಲ್ಪ ಲಾಭಕ್ಕೇ.